ಕರು ಹಾಕಿದ ಆಕಳು ಸೊರಗುವುದ್ಯಾಕೆ?

ಅಗಸೂರಿನ ನಿಮ್ಮ ಕೊಟ್ಟಿಗೆಯಲ್ಲಿ ಮಿಶ್ರತಳಿ ಆಕಳು ಕರು ಹಾಕಿದೆ, ಹಾಲೂ ಚೆನ್ನಾಗಿದೆ. ಆದರೆ ಎರಡೇ ವಾರಕ್ಕೆ ಪಕ್ಕೆಲುಬು ಕಾಣ್ತಿದೆ ಅಂದ್ಕೊಳ್ಳಿ. ಜಂತುಹುಳದ ಔಷಧಿ ಕುಡಿಸಿ ಸುಮ್ಮನಾಗಬೇಡಿ.

ಈ ಸಮಯದಲ್ಲಿ ರಕ್ತದಲ್ಲಿ ಇನ್ಸುಲಿನ್ ಇಳಿದು, ಬೆಳವಣಿಗೆಯ ಹಾರ್ಮೋನ್ ಏರುತ್ತದೆ. ತಿಂದದ್ದು ಹಾಲಿಗೆ ಸಾಲದೆ ಮೈಕೊಬ್ಬು ಕರಗುತ್ತದೆ. ಸ್ವಲ್ಪ ಇಳಿಕೆ ಸಹಜ. ಅತಿಯಾದರೆ ಕೀಟೋಸಿಸ್: ಹಿಂಡಿ ಬಿಟ್ಟು ಬರೀ ಹುಲ್ಲು ತಿನ್ನೋದು, ಉಸಿರಲ್ಲಿ ಸಿಹಿ ವಾಸನೆ, ಹಾಲು ಕಡಿಮೆಯಾಗೋದು. ಮುಂದೆ ಬೆದೆಯೂ ತಡವಾಗುತ್ತದೆ.

ಗಬ್ಬದಲ್ಲಿ ಅತಿ ಕೊಬ್ಬಿಸಬೇಡಿ. ಕೊನೆಯ ಮೂರು ವಾರ ಹಿಂಡಿಯನ್ನು ನಿಧಾನವಾಗಿ ಏರಿಸಿ. ಕರು ಹಾಕಿದ ಮೇಲೆ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಲ್ಲಿಸಿ ಮೊಬೈಲಲ್ಲಿ ಫೋಟೊ ತೆಗೆದಿಡಿ. ಇಳಿಕೆ ತಾನಾಗಿ ಗೊತ್ತಾಗುತ್ತದೆ. ಲಕ್ಷಣ ಕಂಡರೆ ಕಾಯಬೇಡಿ, ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.