ತಗಡಿನ ನಾಲಿಗೆ, ಕಾಲಿನೊಳಗಿನ ಸೆಲ್

ಜಪಾನಿನಲ್ಲಿ 1950 ಮತ್ತು 60ರ ದಶಕಗಳಲ್ಲಿ ತಯಾರಾದ, ಸೆಲ್ ಹಾಕಿದರೆ ನಡೆಯುವ ತಗಡಿನ ರೋಬಾಟ್‌ಗಳ ಮೈಯಲ್ಲಿ ತಿರುಪುಗಳು ಕಡಿಮೆ. ಒಂದು ತಗಡಿನ ಅಂಚಿನಲ್ಲಿ ಕಿರಿದಾದ ಪಟ್ಟಿಯೊಂದನ್ನು ಉಳಿಸಿಕೊಂಡು, ಅದನ್ನು ಎದುರು ತಗಡಿನ ಸೀಳಿನಲ್ಲಿ ತೂರಿಸಿ ಮಡಚಿದರೆ ಜೋಡಣೆ ಮುಗಿಯಿತು. ಈ ಪಟ್ಟಿಯನ್ನು ನಾಲಿಗೆ ಎನ್ನಬಹುದು. ಕಾರ್ಖಾನೆಯಲ್ಲಿ ಮಡಚಿದ ನಾಲಿಗೆಯನ್ನು ರಿಪೇರಿಗೆಂದು ಎತ್ತಿ ಮತ್ತೆ ಮಡಚಿದಾಗಲೆಲ್ಲ ಲೋಹ ದಣಿಯುತ್ತದೆ, ಕೆಲವೇ ಸಲಕ್ಕೆ ಬುಡದಲ್ಲಿ ಮುರಿಯುತ್ತದೆ. ಆದುದರಿಂದ ರಿಪೇರಿಯ ಕಸುಬಿನಲ್ಲಿ ಬಿಚ್ಚುವ ಜಾಣ್ಮೆಗಿಂತ ಬಿಚ್ಚದೆ ಬಿಡುವ ಸಂಯಮವೇ ದೊಡ್ಡದು.

ಜಪಾನಿನ ತಗಡಿನ ಆಟಿಕೆ ಉದ್ಯಮದ ಯುದ್ಧೋತ್ತರ ಕಥೆ ಸಾಮಾನ್ಯವಾಗಿ ಓತ್ಸು ಪಟ್ಟಣದಿಂದ ಆರಂಭವಾಗುತ್ತದೆ. 1945ರ ಕೊನೆಯಲ್ಲಿ ಕೊಸುಗೆ ಮತ್ಸುಝೊ ಎಂಬ ಕುಶಲಿ, ಅಮೆರಿಕದ ಸೈನಿಕರು ಬಿಸಾಡಿದ ಡಬ್ಬಿಗಳ ತಗಡಿನಿಂದ ಪುಟ್ಟ ಜೀಪುಗಳನ್ನು ಮಾಡಿದರು. ಅವು ಕ್ಯೋಟೊದ ಅಂಗಡಿಯಲ್ಲಿ ಮಾರಾಟವಾದವು. ಸೋತ ದೇಶಕ್ಕೆ ಆಟಿಕೆಯ ರಫ್ತು ಡಾಲರ್ ತಂದಿತು. 1954ರಲ್ಲಿ ಸ್ಥಾಪನೆಯಾದ ಮಬುಚಿ ಕಂಪನಿಯಂಥವು ಅಗ್ಗದ ಪುಟ್ಟ ಮೋಟಾರುಗಳನ್ನು ಒದಗಿಸಿದಾಗ, ಕೀಲಿ ತಿರುಗಿಸಿ ಓಡಿಸುವ ಗೊಂಬೆಗಳ ಪಕ್ಕದಲ್ಲಿ ಬೆಳಕು ಬೀರುವ, ಸದ್ದು ಮಾಡುವ, ಗೋಡೆಗೆ ತಾಕಿದರೆ ತಾನೇ ದಿಕ್ಕು ಬದಲಿಸುವ ರೋಬಾಟ್‌ಗಳು ನಿಂತವು.

ಇವುಗಳಲ್ಲಿ ನೊಮುರಾ ಕಂಪನಿ 1957ರಲ್ಲಿ ಹೊರತಂದ ‘ಮೆಕನೈಸ್ಡ್ ರೋಬಾಟ್’ ಹೆಚ್ಚಿನ ಗಮನಕ್ಕೆ ಅರ್ಹ. ಹಿಂದಿನ ವರ್ಷ ತೆರೆಕಂಡ ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ರಾಬಿ ಎಂಬ ರೋಬಾಟನ್ನು ಅದು ಮುಚ್ಚುಮರೆಯಿಲ್ಲದೆ ಹೋಲುತ್ತಿತ್ತು, ಹೆಸರೊಂದನ್ನು ಮಾತ್ರ ಬಳಸಲಿಲ್ಲ. ಪಾರದರ್ಶಕ ತಲೆಯೊಳಗೆ ದೀಪದ ಬೆಳಕಿನಲ್ಲಿ ಏರಿಳಿಯುವ ಪುಟ್ಟ ಪಿಸ್ಟನ್‌ಗಳೇ ಅದರ ಸೊಗಸು. ಆದರೆ ತಯಾರಕರು ಸೆಲ್‌ಗಳನ್ನು ಕಾಲಿಗೊಂದರಂತೆ ಒಳಗಿಟ್ಟದ್ದು ಸಂಗ್ರಾಹಕರಿಗೆ ತಲೆಮಾರುಗಳ ಸಂಕಟವಾಗಿದೆ. ಮರೆತುಬಿಟ್ಟ ಸೆಲ್ ಸೋರಿದರೆ ಮೊದಲು ಕೊಳೆಯುವುದು ರೋಬಾಟ್ ನಿಂತಿರುವ ಕಾಲೇ.

ಹಳೆಯ ಸತು-ಇಂಗಾಲದ ಸೆಲ್‌ನಲ್ಲಿ ಹೊರಕವಚದ ಸತುವೇ ಖರ್ಚಾಗುವುದರಿಂದ ಕವಚ ತೂತಾಗಿ ಆಮ್ಲಗುಣದ ಲವಣ ಒಸರುತ್ತದೆ, ಅದನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತಣಿಸಬೇಕು. ಈಗಿನ ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರವಾದ್ದರಿಂದ ಅದಕ್ಕೆ ವಿನೆಗರ್‌ನಂಥ ಮೃದು ಆಮ್ಲ ಬೇಕು. ಒಂದಕ್ಕೆ ಒದಗುವ ಮದ್ದು ಇನ್ನೊಂದಕ್ಕೆ ಒದಗದು. ಬಳಿಕ ಹಿತ್ತಾಳೆಯ ಸಂಪರ್ಕಪಟ್ಟಿಯ ಹಸಿರು ಕಿಲುಬನ್ನು ಉಜ್ಜಿ ತೆಗೆದು, ಒಣಗಿಸಿ, ತಂತಿಯ ಬೆಸುಗೆ ನೋಡಿದರೆ ಎಷ್ಟೋ ರೋಬಾಟ್‌ಗಳು ನಾಲಿಗೆ ಎತ್ತದೆಯೇ ನಡೆದಾವು. ಮೋಟಾರು, ಗೇರುಗಳ ಕೆಲಸ ಆಮೇಲಿನದು.

ಬಣ್ಣದ ಮಾತು ಬೇರೆ. ಅನೇಕ ರೋಬಾಟ್‌ಗಳ ಎದೆಯ ಮೇಲಿನ ಮುಳ್ಳು, ಮಾಪಕ, ಗುಂಡಿಗಳು ಕುಂಚದವಲ್ಲ. ಚಪ್ಪಟೆ ತಗಡಿನ ಮೇಲೆ ಕಲ್ಲಚ್ಚಿನ ತತ್ವದಲ್ಲಿ, ಅಂದರೆ ಎಣ್ಣೆಯ ಶಾಯಿ ಮತ್ತು ನೀರು ಬೆರೆಯದ ಗುಣವನ್ನು ಬಳಸಿ ಮುದ್ರಿಸಿ, ನಂತರ ತಗಡನ್ನು ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟದ್ದು. ಹೋದ ಮುದ್ರಣ ಮರಳದು. ಹೊಸ ಬಣ್ಣ ಬಳಿದ ಮಿರುಗುವ ರೋಬಾಟ್‌ಗಿಂತ ಗೀರು ಬಿದ್ದ, ಮೂಲ ಮೈಯ ರೋಬಾಟನ್ನೇ ಬಲ್ಲವರು ಆಯ್ದುಕೊಳ್ಳುವುದು ನ್ಯಾಯವೇ ಸರಿ. ಸಂಗ್ರಾಹಕ ಕಿತಹರ ತೆರುಹಿಸಾ 1986ರಲ್ಲಿ ಯೊಕೊಹಾಮಾದಲ್ಲಿ ತಗಡಿನ ಆಟಿಕೆಗಳ ವಸ್ತುಸಂಗ್ರಹಾಲಯ ತೆರೆದು ಈ ಅಭಿರುಚಿಗೆ ಮನೆಯೊಂದನ್ನು ಕೊಟ್ಟರು. ಮಸುದಾಯ ಕಂಪನಿಯ ‘ಮೆಷಿನ್ ಮ್ಯಾನ್’ ರೋಬಾಟ್ ಹರಾಜಿಗೆ ಬಂದರೆ ಹತ್ತಾರು ಸಾವಿರ ಡಾಲರ್ ಬಾಳುತ್ತದೆ.

1970ರ ದಶಕದಲ್ಲಿ ಪ್ಲಾಸ್ಟಿಕ್ ತಗಡನ್ನು ಬದಿಗೊತ್ತಿತು. ಚೂಪಾದ ಅಂಚುಗಳ ಬಗೆಗಿನ ಸುರಕ್ಷತಾ ನಿಯಮಗಳೂ, ದುಬಾರಿಯಾದ ಯೆನ್ ಕೂಡ ಅದಕ್ಕೆ ಜೊತೆಯಾದವು. ಅಂದಿನ ರೋಬಾಟ್‌ಗಳ ಮೈಮೇಲೆ ಇಂದಿಗೂ ನೊಮುರಾದ ‘ಟಿಎನ್’, ಹೊರಿಕಾವಾ ಕಂಪನಿಯ ‘ಎಸ್‌ಎಚ್’, ಮಸುದಾಯದ ‘ಟಿಎಂ’ ಎಂಬ ಎರಡಕ್ಷರದ ಮುದ್ರೆಗಳಿವೆ. ಅವುಗಳ ನಾಲಿಗೆ ಮಡಚಿದವರ ಹೆಸರು ಅಲ್ಲಿ ಇಲ್ಲ.