ಹಳೆಯ ಮೋಟರುಸೈಕಲ್ಲಿಗೆ ತಕ್ಕ ಎಣ್ಣೆ

ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಎಣ್ಣೆಯ ನಗರವೆಂದು ನಾಡಿನಲ್ಲೆಲ್ಲ ಹೆಸರಾದ ಚಳ್ಳಕೆರೆಯಲ್ಲಿ ಯಾವ ಎಣ್ಣೆ ಯಾವ ಕಾರ್ಯಕ್ಕೆ ಯೋಗ್ಯವೆಂಬ ವಿವೇಕವನ್ನು ಯಾರಿಗೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಒಗ್ಗರಣೆಗೆ ಶೇಂಗಾ ಎಣ್ಣೆ, ನೆತ್ತಿಗೆ ಹರಳೆಣ್ಣೆ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಎಂದು ತಲೆತಲಾಂತರದಿಂದ ವಿಂಗಡಿಸಿಕೊಂಡು ಬಂದ ಸೀಮೆ ಇದು. ಆದಾಗ್ಯೂ, ತಂದೆಯ ಕಾಲದ ಬುಲೆಟ್ಟನ್ನೋ ಯೆಜ್ಡಿಯನ್ನೋ ಕೊಟ್ಟಿಗೆಯ ಮೂಲೆಯಿಂದ ಹೊರತೆಗೆದು ಓಡಿಸಬೇಕೆಂಬ ಪ್ರೀತಿ ಹುಟ್ಟಿದ ತರುಣರು, ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಡಬ್ಬಿಯನ್ನು ಕೊಂಡು ಯಂತ್ರದ ಸಕಲ ಕೋಶಗಳಿಗೂ ಅದನ್ನೇ ಸುರಿದುಬಿಡುವುದುಂಟು. ಹಳೆಯ ಯಂತ್ರ ಕೆಡುವುದರಲ್ಲಿ ಔದಾಸೀನ್ಯಕ್ಕೆ ಎಷ್ಟು ಪಾಲುಂಟೋ ಇಂಥ ಅವಿಚಾರಿತ ಔದಾರ್ಯಕ್ಕೂ ಅಷ್ಟೇ ಪಾಲುಂಟೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಸ್ಯಜನ್ಯ ತೈಲಕ್ಕೂ ಯಂತ್ರಕ್ಕೂ ಇರುವ ನಂಟು ಹಳೆಯದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಕೀಲೆಣ್ಣೆ ಮಾಡುತ್ತಿದ್ದ ನಮ್ಮ ರೈತರು ಕಂಡುಕೊಂಡಿದ್ದ ಗುಣವನ್ನೇ, ಅಂದರೆ ಲೋಹವನ್ನು ಬಿಡದೆ ಹಿಡಿದುಕೊಂಡಿರುವ ಆ ಜಿಡ್ಡಿನ ಶಕ್ತಿಯನ್ನೇ, ಲಂಡನ್ನಿನಲ್ಲಿ 1899ರಲ್ಲಿ ತೈಲವ್ಯಾಪಾರ ತೊಡಗಿದ ಚಾರ್ಲ್ಸ್ ವೇಕ್‌ಫೀಲ್ಡ್ ಮುಂದೆ ಬಳಸಿಕೊಂಡು, ಹರಳಿನ ಆಂಗ್ಲ ನಾಮವಾದ ‘ಕ್ಯಾಸ್ಟರ್’ ಎಂಬುದರಿಂದಲೇ ‘ಕ್ಯಾಸ್ಟ್ರಾಲ್’ ಎಂಬ ಹೆಸರನ್ನು ಕಟ್ಟಿದನು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಕಾರಣ, ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನುಗಳಿಗೂ ಹರಳೆಣ್ಣೆಯೇ ಆಧಾರವಾಗಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನೊಂದು ಶೇಂಗಾ ಎಣ್ಣೆಯನ್ನೇ ಇಂಧನವಾಗಿ ಉರಿಸಿ ಓಡಿದ ಸಂಗತಿಯೂ ಚಳ್ಳಕೆರೆಯವರಿಗೆ ಅಭಿಮಾನಾಸ್ಪದವಾದುದೇ. ಆದರೆ ಈ ಅಭಿಮಾನದಿಂದ ಗಿರಣಿಯ ಎಣ್ಣೆಯನ್ನು ಮೋಟರುಸೈಕಲ್ಲಿಗೆ ಹೊಯ್ಯಲಾಗದು. ಸಸ್ಯತೈಲಗಳು ಕಾವಿಗೂ ಗಾಳಿಗೂ ಸಿಕ್ಕಿ ಕಾಲಕ್ರಮದಲ್ಲಿ ಅಂಟಾಗುತ್ತವೆ, ತಿಂಗಳುಗಟ್ಟಲೆ ನಿಂತಿರುವ ಹಳೆಯ ವಾಹನಕ್ಕಂತೂ ಆ ಅಂಟೇ ಶತ್ರು. ಖನಿಜತೈಲವೇ ಇಲ್ಲಿ ಕ್ಷೇಮಕರ.

1955ರಿಂದ ಮದರಾಸಿನಲ್ಲಿ ಸಿದ್ಧವಾಗತೊಡಗಿದ ಬುಲೆಟ್ಟಿನ ಬೀಡುಕಬ್ಬಿಣದ ಎಂಜಿನನ್ನು ತಣಿಸಲು ಬೀಸುವ ಗಾಳಿಯ ಹೊರತು ಬೇರೆ ಸಾಧನವಿಲ್ಲ. ಬೇಸಗೆಯಲ್ಲಿ ಆ ಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ಈ ಬಯಲುಸೀಮೆಯಲ್ಲಿ ಎಣ್ಣೆ ನೀರಾಗಿಬಿಟ್ಟರೆ ಲೋಹ ಲೋಹವನ್ನು ತಿನ್ನುತ್ತದೆ. ಇದರಿಂದಲೇ 20ಡಬ್ಲ್ಯು-50ರಂಥ ಎಣ್ಣೆ ಇದಕ್ಕೆ ಹಿತ: ಮೊದಲ ಅಂಕಿ ಶೀತದಲ್ಲಿ ಹರಿಯುವ ಪರಿಯನ್ನೂ, ಎರಡನೆಯದು 100 ಡಿಗ್ರಿ ಕಾವಿನಲ್ಲಿ ಉಳಿಯುವ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. ಹಿಮಪ್ರದೇಶದ ಕಾರುಗಳಿಗೆಂದು ತಯಾರಾದ ತೆಳ್ಳನೆಯ ಸಿಂಥೆಟಿಕ್ ಎಣ್ಣೆ, ಅದೆಷ್ಟೇ ಶ್ರೇಷ್ಠವಾಗಿರಲಿ, ಸವೆದು ಸಡಿಲವಾದ ಬೇರಿಂಗುಗಳ ನಡುವೆ ನಿಲ್ಲಲಾರದೆ ಜೋಡಣೆಯ ಸಂದುಗಳಿಂದ ಒಸರಿಹೋಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಇಂದಿನ ಎಣ್ಣೆಗಳಲ್ಲಿ ಕೊಳೆಯನ್ನು ಬಿಡಿಸುವ ದ್ರವ್ಯಗಳಿರುತ್ತವೆ. ದಶಕಗಳ ಮಡ್ಡಿ ತಳದಲ್ಲಿ ಗಟ್ಟಿಯಾಗಿ ಕುಳಿತ ಎಂಜಿನಿಗೆ ಅವನ್ನು ಏಕಾಏಕಿ ಹೊಯ್ದರೆ, ಸಡಿಲಗೊಂಡ ಆ ಮಡ್ಡಿ ಎಣ್ಣೆಯ ನಾಳಗಳನ್ನು ಕಟ್ಟೀತು. ಎಂಜಿನು ಬಿಚ್ಚಿ ತೊಳೆದ ಮೇಲೆಯೇ ಹೊಸ ಎಣ್ಣೆ ಎಂಬ ಅನುಭವಸ್ಥ ಮೆಕ್ಯಾನಿಕ್ಕುಗಳ ಹಠಕ್ಕೆ ಕಾರಣ ಇದೇ.

ಈ ಬುಲೆಟ್ಟಿನಲ್ಲಿ ಎಂಜಿನು, ಗೇರ್ ಬಾಕ್ಸು, ಕ್ಲಚ್ಚಿರುವ ಚೈನ್‌ಕೇಸು ಮೂರೂ ಬೇರೆ ಬೇರೆ ಕೋಶಗಳು. ಮೂರರ ಬೇಡಿಕೆಯೂ ಬೇರೆ. ಹಲ್ಲು ಹಲ್ಲಿನ ಮೇಲೆ ಜಾರುವ ಗೇರ್ ಬಾಕ್ಸಿಗೆ ದಪ್ಪ ಎಣ್ಣೆ, ಮೆಕ್ಯಾನಿಕ್ಕುಗಳ ಮಾತಿನ ‘ನೈಂಟಿ ಆಯಿಲ್’, ಯುಕ್ತವೇ ಸರಿ. ಆದರೆ ಜಿಎಲ್-4, ಜಿಎಲ್-5 ಎಂಬ ಎರಡು ಗುರುತುಗಳಲ್ಲಿ ಎರಡನೆಯದು ದೊಡ್ಡ ಅಂಕಿಯದೆಂದು ಅದನ್ನೇ ಆರಿಸುವುದು ತರವಲ್ಲ. ಅತಿಭಾರವನ್ನು ತಡೆಯಲು ಅದರಲ್ಲಿ ಹೆಚ್ಚಾಗಿ ಸೇರಿಸುವ ಗಂಧಕದ ಸಂಯುಕ್ತಗಳು ಕಾವೇರಿದಾಗ ಕಂಚಿನ ಬುಷ್ಷುಗಳನ್ನು ಕೊರೆಯಬಲ್ಲವು, ಹಳೆಯ ಗೇರ್ ಬಾಕ್ಸಿನಲ್ಲಿ ಕಂಚು ಇದ್ದೇ ಇರುತ್ತದೆ. ಚೈನ್‌ಕೇಸಿನ ಕಥೆಯೇ ವಿಪರೀತ. ಘರ್ಷಣೆಯನ್ನು ನೀಗುವುದೇ ಎಣ್ಣೆಯ ಧರ್ಮವಾದರೂ ಕ್ಲಚ್ಚು ಹಿಡಿಯುವುದು ಘರ್ಷಣೆಯಿಂದಲೇ. ಜಾರುಗುಣವನ್ನು ವಿಶೇಷವಾಗಿ ಸೇರಿಸಿದ ಕಾರಿನ ಎಣ್ಣೆಯನ್ನು ಹಾಕಿದರೆ ಕ್ಲಚ್ ಪ್ಲೇಟುಗಳು ಜಾರಿ, ಎಂಜಿನು ಮೊರೆದರೂ ವಾಹನ ಮುಂದೆ ಸಾಗದು. ಡಬ್ಬಿಯ ಮೇಲೆ ‘ಜಾಸೋ ಎಂ.ಎ.’ ಎಂಬ ಗುರುತನ್ನು ಹುಡುಕಬೇಕಾದುದು ಈ ಕಾರಣದಿಂದ.

1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರು ತಳೆದು, 1996ರಲ್ಲಿ ನಿಂತುಹೋದ ವಾಹನದ ಸ್ವಭಾವ ಮತ್ತೊಂದು ಬಗೆ. ಅದರ ಗೇರೂ ಕ್ಲಚ್ಚೂ ಒಂದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಅಲ್ಲಿ ನೈಂಟಿ ಆಯಿಲಿಗಿಂತ ತೆಳುವಾದ ‘ಫೋರ್ಟಿ ನಂಬರ್’ ಎಣ್ಣೆಯೇ ಸಮಂಜಸ. ಎಂಜಿನಿಗಾದರೋ ಪ್ರತ್ಯೇಕ ಎಣ್ಣೆಯೇ ಇಲ್ಲ, ಪೆಟ್ರೋಲಿನೊಡನೆ ಬೆರೆತು ಹೋಗುವ ಟೂ-ಟಿ ಎಣ್ಣೆಯೇ ಅದರ ಜೀವ. ಲೀಟರಿಗೆ ಸುಮಾರು 40 ಮಿಲಿಲೀಟರು ಹಾಕುವುದು ವಾಡಿಕೆ. ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆಯೆಂದು ಬಗೆಯುವವರ ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತದೆ. ಚಳ್ಳಕೆರೆಯ ಬಯಲನ್ನು ದಾಟಿ ಮೊಳಕಾಲ್ಮೂರಿನ ಕಲ್ಲುಗುಡ್ಡಗಳ ಸೀಮೆಯನ್ನು ಹೊಕ್ಕವರು ಇನ್ನೊಂದನ್ನು ನೆನಪಿಡಬೇಕು: ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ಕಡಮೆಯಾಗಿ, ವೇಗವಾಗಿ ತಿರುಗುತ್ತಿರುವ ಎಂಜಿನು ಒಣಗುತ್ತದೆ, ಆಗಾಗ ಆಕ್ಸಿಲರೇಟರನ್ನು ಕೊಂಚ ತಿರುವಿ ಅದಕ್ಕೊಂದು ಗುಟುಕು ಎಣ್ಣೆ ಉಣಿಸುತ್ತ ಇಳಿಯಬೇಕು.