ಬಿಲ್ ಬರೆಯುವ ಕುರ್ಚಿಗೊಂದು ಚುನಾವಣೆ

ಕರೆಂಟಿನ ದರ ಗೊತ್ತುಮಾಡುವವರನ್ನು ಜನರೇ ವೋಟು ಹಾಕಿ ಆರಿಸುವ ರಾಜ್ಯಗಳಿವೆ ಎಂದರೆ ನಮ್ಮಲ್ಲಿ ಹಲವರು ನಂಬಲಿಕ್ಕಿಲ್ಲ. ಅಮೆರಿಕದ 50 ರಾಜ್ಯಗಳಲ್ಲಿ 10ರಲ್ಲಿ ಈ ಪದ್ಧತಿ ಉಂಟು. ಉಳಿದ ಕಡೆ ರಾಜ್ಯಪಾಲರೋ ಶಾಸನಸಭೆಯೋ ನೇಮಿಸುತ್ತಾರೆ. ಜನರೇ ಆರಿಸುವ ಆ ಹತ್ತರಲ್ಲಿ ಜಾರ್ಜಿಯಾ ಒಂದು. ಅಲ್ಲಿನ ಆಯೋಗದ ಹೆಸರು ಪಬ್ಲಿಕ್ ಸರ್ವಿಸ್ ಕಮಿಷನ್, ಕಚೇರಿ ರಾಜಧಾನಿ ಅಟ್ಲಾಂಟಾದಲ್ಲಿ. 1879ರಲ್ಲಿ ರೈಲು ಕಂಪನಿಗಳು ಮನಬಂದಂತೆ ವಸೂಲಿ ಮಾಡುತ್ತಿದ್ದ ಸಾಗಣೆ ದರಕ್ಕೆ ಮೂಗುದಾರ ಹಾಕಲು ಹುಟ್ಟಿದ ರೈಲ್‌ರೋಡ್ ಕಮಿಷನ್ನೇ ಮುಂದೆ 1922ರಲ್ಲಿ ಈ ಹೆಸರು ಪಡೆಯಿತು. ಈಗ ಅದರ ಮುಖ್ಯ ಕೆಲಸ ವಿದ್ಯುತ್ತು.

ಆಯೋಗದಲ್ಲಿ ಐವರು ಸದಸ್ಯರು, ತಲಾ ಆರು ವರ್ಷದ ಅವಧಿ. ರಾಜ್ಯವನ್ನು ಐದು ಕ್ಷೇತ್ರಗಳಾಗಿ ಹಂಚಿದ್ದಾರೆ. ಅಭ್ಯರ್ಥಿ ತಾನು ನಿಲ್ಲುವ ಕ್ಷೇತ್ರದಲ್ಲೇ ವಾಸವಾಗಿರಬೇಕು. ಆದರೆ ವೋಟು ಹಾಕುವುದು ಆ ಕ್ಷೇತ್ರದವರಷ್ಟೇ ಅಲ್ಲ, ಇಡೀ ರಾಜ್ಯ. ಈ ವಿಚಿತ್ರ ನಿಯಮ ಮುಂದೆ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು.

ಈ ಐವರ ಎದುರಿಗೆ ಅರ್ಜಿ ಹಿಡಿದು ನಿಲ್ಲುವ ದೊಡ್ಡ ಕಂಪನಿ ಜಾರ್ಜಿಯಾ ಪವರ್. ಸುಮಾರು 27 ಲಕ್ಷ ಗ್ರಾಹಕರಿರುವ ಖಾಸಗಿ ಸಂಸ್ಥೆ. ತನ್ನ ಪ್ರದೇಶದಲ್ಲಿ ಅದಕ್ಕೆ ಪೈಪೋಟಿಯೇ ಇಲ್ಲ. ಬೆಂಗಳೂರಿನವರು ಬೆಸ್ಕಾಂ ಬಿಟ್ಟು ಬೇರೆಯವರಿಂದ ಕರೆಂಟ್ ಕೊಳ್ಳಲಾಗದಂತೆ ಅಲ್ಲಿನ ಗೃಹಸ್ಥರಿಗೂ ಬೇರೆ ದಾರಿಯಿಲ್ಲ. ಪೈಪೋಟಿ ಇಲ್ಲದ ಕಡೆ ಬೆಲೆಗೆ ಕಾವಲು ಬೇಕು, ಆ ಕಾವಲೇ ಆಯೋಗ. ಕಂಪನಿ ಕಟ್ಟುವ ಸ್ಥಾವರ, ಎಳೆಯುವ ತಂತಿ ಎಲ್ಲದರ ಖರ್ಚನ್ನೂ ಅದು ಪರಿಶೀಲಿಸಿ, ಖರ್ಚಿನ ಮೇಲೆ ಇಷ್ಟು ಲಾಭ ಎಂದು ಗೊತ್ತುಮಾಡುತ್ತದೆ. 2022ರ ಆದೇಶದಲ್ಲಿ ಷೇರು ಬಂಡವಾಳಕ್ಕೆ ಶೇ 10.5ರ ಲಾಭ ನಿಗದಿಯಾಗಿತ್ತು. ಹೆಚ್ಚು ಕಟ್ಟಿದರೆ ಹೆಚ್ಚು ಲಾಭ ಎಂಬುದು ಈ ಲೆಕ್ಕದೊಳಗೇ ಇದೆ. ಕಂಪನಿ ಕಟ್ಟಲು ಹೊರಟಿದ್ದು ನಿಜಕ್ಕೂ ಬೇಕೇ, ಇಷ್ಟು ಬೇಕೇ, ಇನ್ನೂ ಅಗ್ಗದ ದಾರಿ ಇಲ್ಲವೇ ಎಂದು ಕೇಳಬೇಕಾದವರು ಈ ಐವರು. ಅವರು ಕೇಳದೆ ಬಿಟ್ಟರೆ ಹಣ ತೆರುವುದು ಮೀಟರ್ ಇರುವ ಪ್ರತಿ ಮನೆ.

ಹೀಗೆ ತೆತ್ತದ್ದಕ್ಕೆ ದೊಡ್ಡ ಉದಾಹರಣೆ ವೋಗಲ್ ಅಣುಸ್ಥಾವರ. ಸವಾನಾ ನದಿಯ ದಡದಲ್ಲಿ, ವೇನ್ಸ್‌ಬರೊ ಊರಿನ ಹತ್ತಿರ ಇರುವ ಅದಕ್ಕೆ ಎರಡು ಹೊಸ ಘಟಕ ಸೇರಿಸಲು ಆಯೋಗ 2009ರಲ್ಲಿ ಒಪ್ಪಿತು. ಅಂದಾಜು ವೆಚ್ಚ ಸುಮಾರು 1,400 ಕೋಟಿ ಡಾಲರ್. ಸ್ಥಾವರ ಮುಗಿಯುವ ಮೊದಲೇ ಸಾಲದ ಬಡ್ಡಿಯನ್ನು ಗ್ರಾಹಕರಿಂದ ವಸೂಲಿ ಮಾಡಲು ಶಾಸನಸಭೆ ಅದೇ ವರ್ಷ ಕಾನೂನು ಮಾಡಿಕೊಟ್ಟಿತು. ಒಂದು ಯೂನಿಟ್ ಕರೆಂಟೂ ಬಾರದ ಸ್ಥಾವರಕ್ಕೆ ಜನ ವರ್ಷಗಟ್ಟಲೆ ತಿಂಗಳ ಬಿಲ್ಲಿನಲ್ಲಿ ಹಣ ಕಟ್ಟಿದರು. 2017ರ ಮಾರ್ಚ್‌ನಲ್ಲಿ ರಿಯಾಕ್ಟರ್ ಒದಗಿಸುತ್ತಿದ್ದ ವೆಸ್ಟಿಂಗ್‌ಹೌಸ್ ದಿವಾಳಿ ಅರ್ಜಿ ಹಾಕಿತು. ಪಕ್ಕದ ಸೌತ್ ಕ್ಯಾರೊಲಿನಾದಲ್ಲಿ ಇಂಥದೇ ಜೋಡಿ ಘಟಕಗಳನ್ನು ಅರ್ಧಕ್ಕೇ ಕೈಬಿಟ್ಟರು. ಜಾರ್ಜಿಯಾದ ಆಯೋಗ ಮಾತ್ರ ಆ ಡಿಸೆಂಬರ್‌ನಲ್ಲಿ ಮುಂದುವರಿಸಲು ಅನುಮತಿ ಕೊಟ್ಟಿತು. ಘಟಕಗಳು ಕೊನೆಗೂ 2023ರ ಜುಲೈ ಮತ್ತು 2024ರ ಏಪ್ರಿಲ್‌ನಲ್ಲಿ ಶುರುವಾದವು. ಆಗ ಏಳು ವರ್ಷ ತಡವಾಗಿತ್ತು, ಒಟ್ಟು ವೆಚ್ಚ 3,000 ಕೋಟಿ ಡಾಲರ್ ದಾಟಿತ್ತು. ಇಂಗಾಲ ಉಗುಳದ ವಿದ್ಯುತ್ತು ಹಗಲಿರುಳು ಸಿಗುತ್ತಿದೆ ಎಂಬುದು ನಿಜ. ಆದರೆ ವೆಚ್ಚ ದುಪ್ಪಟ್ಟಾದರೆ ಅದನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಆಯೋಗ ಕೊಟ್ಟ ಉತ್ತರ ಬಹುಪಾಲು ಗ್ರಾಹಕನ ಹೆಗಲನ್ನೇ ತೋರಿಸಿತು. ಅದು ತಪ್ಪು ಎಂದೇ ನನ್ನ ಎಣಿಕೆ.

ಇಂಥ ಆಯೋಗದ ಚುನಾವಣೆಯನ್ನು ಯಾರೂ ಗಮನಿಸುತ್ತಿರಲಿಲ್ಲ. ಮತಪತ್ರದಲ್ಲಿ ಅಧ್ಯಕ್ಷ, ಸೆನೆಟರ್, ರಾಜ್ಯಪಾಲರ ಹೆಸರೆಲ್ಲ ಮುಗಿದ ಮೇಲೆ ಎಲ್ಲೋ ಕೆಳಗೆ ಇದರ ಸಾಲು. 2021ರ ಜನವರಿ 5ರಂದು ನಡೆದ ಮರುಸುತ್ತಿನ ಮತದಾನವನ್ನೇ ನೋಡಿ. ಜಾನ್ ಆಸಫ್, ರಾಫಾಯೆಲ್ ವಾರ್ನಾಕ್ ಇಬ್ಬರೂ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದು ಅಮೆರಿಕದ ಸೆನೆಟ್ಟಿನ ಬಲಾಬಲವನ್ನೇ ಬದಲಿಸಿದರು. ಅದೇ ದಿನ, ಅದೇ ಮತಪತ್ರದಲ್ಲಿ, ಅದೇ ಪಕ್ಷದ ಡ್ಯಾನಿಯಲ್ ಬ್ಲ್ಯಾಕ್‌ಮನ್ ವಿದ್ಯುತ್ ಆಯೋಗದ ಕುರ್ಚಿಗೆ ನಿಂತು ಕೂದಲೆಳೆಯ ಅಂತರದಲ್ಲಿ ಸೋತರು. ಜಗತ್ತೇ ನೋಡುತ್ತಿದ್ದ ದಿನವೂ ಈ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಚುನಾವಣೆಯೇ ನಿಂತುಹೋಯಿತು. ಇಡೀ ರಾಜ್ಯ ವೋಟು ಹಾಕುವ ಪದ್ಧತಿಯಿಂದ ಕಪ್ಪು ಜನಾಂಗದವರ ಮತಕ್ಕೆ ಬೆಲೆಯಿಲ್ಲದಂತಾಗುತ್ತದೆ ಎಂದು ಕೆಲವು ಮತದಾರರು ಕೋರ್ಟಿಗೆ ಹೋಗಿದ್ದರು. 2022ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅವರ ವಾದ ಒಪ್ಪಿ ಆ ವರ್ಷದ ಚುನಾವಣೆಗೆ ತಡೆ ಕೊಟ್ಟರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು, 2024ರಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಹಳೆಯ ಪದ್ಧತಿಯೇ ಉಳಿಯಿತು. ಈ ನಡುವೆ ರಿಪಬ್ಲಿಕನ್ ಸದಸ್ಯರಾದ ಟಿಮ್ ಎಕೋಲ್ಸ್ ಮತ್ತು ಫಿಟ್ಜ್ ಜಾನ್ಸನ್ ಜನರ ಎದುರು ಹೋಗದೆಯೇ ಕುರ್ಚಿಯಲ್ಲಿ ಮುಂದುವರಿದರು. ಅದೇ ವರ್ಷಗಳಲ್ಲಿ ಜಾರ್ಜಿಯಾ ಪವರ್ ಬಿಲ್ಲು ಆರು ಸಲ ಏರಿ, ಸಾಮಾನ್ಯ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 43 ಡಾಲರ್ ಹೊರೆ ಬಿತ್ತು.

ಕೊನೆಗೆ 2025ರ ನವೆಂಬರ್ 4ರಂದು ಚುನಾವಣೆ ಗೊತ್ತಾದಾಗ, ಕ್ಷೇತ್ರ 3ರಿಂದ ನಿಂತವರು ಪೀಟರ್ ಹಬರ್ಡ್. ರಾಜಕಾರಣಕ್ಕೆ ಹೊಸಬರು, ಆಯೋಗದ ಸಭಾಂಗಣಕ್ಕೆ ಹಳಬರು. ಕಂಪನಿ ಮೂರು ವರ್ಷಕ್ಕೊಮ್ಮೆ ಎಷ್ಟು ವಿದ್ಯುತ್ ಬೇಕು, ಎಲ್ಲಿಂದ ತರುತ್ತೇವೆ ಎಂಬ ಯೋಜನೆಯನ್ನು ಆಯೋಗದ ಮುಂದಿಡಬೇಕು. 2019ರಿಂದ ಹಬರ್ಡ್ ತಾವೇ ಕಟ್ಟಿದ ಸಣ್ಣ ಸಂಸ್ಥೆಯೊಂದರ ಪರವಾಗಿ ಆ ವಿಚಾರಣೆಗಳಲ್ಲಿ ಕೂತು ವಾದಿಸುತ್ತಿದ್ದರು. ಅನಿಲ ಸ್ಥಾವರಗಳಿಗಿಂತ ಸೌರ ವಿದ್ಯುತ್ತು ಮತ್ತು ಬ್ಯಾಟರಿ ಅಗ್ಗ ಎಂಬುದು ಅವರ ಮುಖ್ಯ ವಾದ. ಎದುರಿನ ಬೆಂಚಿನಲ್ಲಿ ಕೂತು ವರ್ಷಗಟ್ಟಲೆ ಹೇಳಿದ್ದನ್ನೇ ಈಗ ಮತದಾರರ ಮುಂದಿಟ್ಟರು.

ದಾರಿ ಸಲೀಸಾಗಿರಲಿಲ್ಲ. ಜೂನ್ 17ರಂದು ಡೆಮಾಕ್ರಟಿಕ್ ಪಕ್ಷದೊಳಗಿನ ಮತದಾನದಲ್ಲಿ ಅವರು ಕೀಶಾ ವೇಟ್ಸ್‌ಗಿಂತ ಹಿಂದಿದ್ದರು. ಯಾರಿಗೂ ಅರ್ಧದಷ್ಟು ಮತ ಬಾರದ ಕಾರಣ ಜುಲೈ 15ಕ್ಕೆ ಮರುಸುತ್ತು ನಡೆದು ಅದರಲ್ಲಿ ಗೆದ್ದರು. ಎರಡೂ ದಿನ ಮತಗಟ್ಟೆಗಳು ಖಾಲಿ ಹೊಡೆಯುತ್ತಿದ್ದವು. ಕ್ಷೇತ್ರ 2ರಲ್ಲಿ ಅವರದೇ ಪಕ್ಷದ, ಸವಾನಾ ನಗರದ ಅಲೀಷಿಯಾ ಜಾನ್ಸನ್ ನಿಂತಿದ್ದರು. ಇಬ್ಬರೂ ಹಿಡಿದಿದ್ದು ಒಂದೇ ಕಾಗದ: ತಿಂಗಳ ಕರೆಂಟ್ ಬಿಲ್ಲು.

ಕುರ್ಚಿಯಲ್ಲೇ ಮುಂದುವರಿದಿದ್ದ ಎದುರಾಳಿಗಳನ್ನೂ ನ್ಯಾಯವಾಗಿ ಕಾಣಬೇಕು. ಎಕೋಲ್ಸ್ ಅಣುಶಕ್ತಿಯ ಜೊತೆಗೆ ಸೌರಶಕ್ತಿ, ಎಲೆಕ್ಟ್ರಿಕ್ ಕಾರುಗಳ ಪರ ಬಹುಕಾಲದಿಂದ ಮಾತಾಡಿದವರು. ಮೂಲ ದರವನ್ನು 2028ರವರೆಗೆ ಏರಿಸದಂತೆ ಜುಲೈನಲ್ಲಿ ಆಯೋಗ ತೀರ್ಮಾನಿಸಿತ್ತು, ಅದನ್ನೇ ಅವರು ಮುಂದಿಟ್ಟರು. ಆದರೆ ಹೆಲೀನ್ ಚಂಡಮಾರುತದ ನಷ್ಟವನ್ನು ಬೇರೆಯಾಗಿ ವಸೂಲಿ ಮಾಡಲು ಬಾಗಿಲು ತೆರೆದೇ ಇತ್ತು. ಜೊತೆಗೆ ಡೇಟಾ ಸೆಂಟರುಗಳು. ಅಟ್ಲಾಂಟಾದ ಸುತ್ತ ಅವು ಒಂದರ ಹಿಂದೊಂದು ಏಳುತ್ತಿವೆ, ಒಂದೊಂದೂ ಸಣ್ಣ ಊರಿನಷ್ಟು ವಿದ್ಯುತ್ ನುಂಗುತ್ತದೆ. ಅವಕ್ಕಾಗಿ ಕಟ್ಟುವ ಸ್ಥಾವರಗಳ ಸಾಲ ನಮ್ಮ ಮನೆ ಬಿಲ್ಲಿಗೆ ಬಾರದೇ ಎಂಬ ಪ್ರಶ್ನೆ, ವೋಗಲ್‌ನ ಹಣ ಕಟ್ಟಿ ಬೇಸತ್ತವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ವರ್ಷ ರಾಜ್ಯವ್ಯಾಪಿಯಾಗಿ ಬೇರೆ ಯಾವ ಹುದ್ದೆಗೂ ಚುನಾವಣೆ ಇರಲಿಲ್ಲ. ಸದಾ ಕೆಳಗಿರುತ್ತಿದ್ದ ಸಾಲು ಮೇಲೆ ಬಂತು. 15 ಲಕ್ಷಕ್ಕೂ ಹೆಚ್ಚು ಜನ ವೋಟು ಹಾಕಿದರು. ಹಬರ್ಡ್, ಅಲೀಷಿಯಾ ಜಾನ್ಸನ್ ಇಬ್ಬರಿಗೂ ಶೇ 60ಕ್ಕಿಂತ ಹೆಚ್ಚು ಮತ ಸಿಕ್ಕಿತು. ಈ ಆಯೋಗಕ್ಕೆ ಡೆಮಾಕ್ರಟಿಕ್ ಪಕ್ಷದವರು ಗೆದ್ದು ಎರಡು ದಶಕವೇ ದಾಟಿತ್ತು.

ಅಟ್ಲಾಂಟಾದ ಉತ್ತರಕ್ಕೆ ಕಮಿಂಗ್, ಜಾನ್ಸ್ ಕ್ರೀಕ್, ಆಲ್ಫರೆಟಾ ಊರುಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಕಮಿಂಗ್ ಕಡೆಯ ಹಲವು ಮನೆಗಳಿಗೆ ಕರೆಂಟ್ ಬರುವುದು ಸಾನೀ ಎಂಬ ಗ್ರಾಹಕರ ಸಹಕಾರ ಸಂಘದಿಂದ. ಅದರ ದರವನ್ನು ಆಯೋಗ ನಿಗದಿ ಮಾಡುವುದಿಲ್ಲ. ಆದರೂ ಅಲ್ಲಿ ಪೌರತ್ವ ಪಡೆದವರಿಗೆ ಆಯೋಗದ ಚುನಾವಣೆಯಲ್ಲಿ ವೋಟು ಇದೆ. ತಮ್ಮ ಬಿಲ್ಲಿಗೆ ಸಂಬಂಧಿಸದ ಕುರ್ಚಿಗೂ ಅವರು ಮತ ಹಾಕಬಹುದು.

ಗೆದ್ದ ಮಾತ್ರಕ್ಕೆ ಆಯೋಗ ಬದಲಾಗಲಿಲ್ಲ. ಐವರಲ್ಲಿ ಮೂವರು ಇನ್ನೂ ರಿಪಬ್ಲಿಕನ್ನರೇ. ಹೊಸಬರು ಅಧಿಕಾರಕ್ಕೆ ಬರುವ ಮೊದಲೇ, ಡಿಸೆಂಬರ್ 19ರಂದು, ಹಳೆಯ ಸದಸ್ಯರು ಸುಮಾರು 10,000 ಮೆಗಾವಾಟ್ ಹೊಸ ವಿದ್ಯುತ್ತಿಗೆ ಒಪ್ಪಿಗೆ ಕೊಟ್ಟರು, ಬಹುಪಾಲು ಡೇಟಾ ಸೆಂಟರುಗಳ ನಿರೀಕ್ಷೆಯಲ್ಲಿ. ಜನ ಮತ ಹಾಕಿ ಹೇಳಿದ್ದನ್ನು ಕೇಳಿಸಿಕೊಂಡು ಕೆಲವು ವಾರ ಕಾಯಬಹುದಿತ್ತು, ಕಾಯಲಿಲ್ಲ. ಮುಂದೂಡಿದ ಚುನಾವಣೆಗಳ ಲೆಕ್ಕ ಸರಿದೂಗಿಸಲು ಹಬರ್ಡ್ ಅವರಿಗೆ ಈ ಸಲ ಸಿಕ್ಕಿದ್ದು ಒಂದೇ ವರ್ಷದ ಅವಧಿ.

ನಮ್ಮಲ್ಲಿ ಇಂಥ ಚುನಾವಣೆ ಇಲ್ಲ. 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ಸರ್ಕಾರ ಆಯ್ಕೆ ಸಮಿತಿಯ ಮೂಲಕ ನೇಮಿಸುತ್ತದೆ. ಕಂಪನಿಯ ದುಡ್ಡು, ಪಕ್ಷದ ಹಂಗು ಬೇಡವೆನ್ನುವವರಿಗೆ ಇದೇ ಮೇಲು ಅನಿಸೀತು. ನ್ಯೂ ಮೆಕ್ಸಿಕೊ ರಾಜ್ಯ 2023ರಲ್ಲಿ ಚುನಾವಣೆ ಬಿಟ್ಟು ನೇಮಕದ ದಾರಿಗೆ ಬಂದದ್ದೂ ಇದೆ. ಆದರೆ ಹಬರ್ಡ್ ಗೆಲ್ಲುವ ಮೊದಲು ಆರು ವರ್ಷ ಮಾಡಿದ ಕೆಲಸಕ್ಕೆ ನಮ್ಮಲ್ಲೂ ಜಾಗವಿದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ದರ ಏರಿಕೆಗೆ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಯಾವ ಗ್ರಾಹಕನಾದರೂ ಆಕ್ಷೇಪಣೆ ಬರೆದು ಕಳಿಸಬಹುದು, ಸಾರ್ವಜನಿಕ ವಿಚಾರಣೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಬಹುದು. ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ ಸೇರಿದ್ದು ನಮ್ಮ ಈ ಆಯೋಗದ ಆದೇಶದಿಂದಲೇ. ಮುಂದಿನ ಸಲ ಆ ಪ್ರಕಟಣೆ ಕಂಡಾಗ ಪುಟ ತಿರುವಬೇಡಿ. ನಿಮ್ಮ ಬಿಲ್ಲು ತೆಗೆದು ಪಕ್ಕದಲ್ಲಿಟ್ಟುಕೊಂಡು ಓದಿ, ವಿಚಾರಣೆಯ ದಿನ ಹೋಗಿ ಮಾತಾಡಿ.